ಉಪ್ಪಿನ ಗದ್ದೆಯಿಂದ ಹಿಮದ ಶಿಖರಕ್ಕೆ

ಬೆಳಿಗ್ಗೆ ಕಡಲ ನೀರಿನಲ್ಲಿ ಮಿಂದು, ಸಂಜೆಯೊಳಗೆ ಬೆಟ್ಟದ ತಂಗಾಳಿಯಲ್ಲಿ ನಿಲ್ಲುವ ಭಾಗ್ಯವು ಎಲ್ಲ ನಾಡಿನವರಿಗೂ ಇರುವುದಿಲ್ಲ. ಮಲ್ಪೆಯ ಮರಳನ್ನು ಕಾಲಿನಿಂದ ಕೊಡವಿಕೊಂಡು ಆಗುಂಬೆಯ ಘಾಟಿಯನ್ನು ಹತ್ತಿದ ನಮ್ಮ ಕರಾವಳಿಯ ಬಂಧುಗಳಿಗೆ ಈ ಸುಖವು ಹೊಸತಲ್ಲ. ಯುರೋಪು ಖಂಡದಲ್ಲಿಯೂ ಇಂತಹದೊಂದು ಪುಟ್ಟ ದೇಶವುಂಟು. ಅದರ ಹೆಸರು ಸ್ಲೊವೇನಿಯ. ಉತ್ತರಕ್ಕೆ ಆಲ್ಪ್ಸ್ ಪರ್ವತಗಳ ಹಿಮಶಿಖರಗಳು, ನೈರುತ್ಯಕ್ಕೆ ಆಡ್ರಿಯಾಟಿಕ್ ಸಮುದ್ರ, ನಡುವೆ ಕಾಡು, ಗುಹೆ, ಕಣಿವೆ, ಸರೋವರ. ವಿಸ್ತೀರ್ಣವು ಸುಮಾರು 20,000 ಚದರ ಕಿಲೋಮೀಟರು. ಉತ್ತರ ಕನ್ನಡ, ಉಡುಪಿ, ದಕ್ಷಿಣ ಕನ್ನಡ ಈ ಮೂರೂ ಜಿಲ್ಲೆಗಳನ್ನು ಒಟ್ಟುಗೂಡಿಸಿದರೆ ಆಗುವುದಕ್ಕಿಂತ ತುಸು ಹೆಚ್ಚು. ಜನಸಂಖ್ಯೆಯು ಸುಮಾರು 21 ಲಕ್ಷ. ಮುಂಬಯಿಯ ಒಂದೆರಡು ಉಪನಗರಗಳಲ್ಲಿಯೇ ಅಷ್ಟು ಜನರು ಸಿಕ್ಕಾರು!

ಈ ಹೆಸರು ಅಪರಿಚಿತವೆಂದು ತೋರಿದರೆ ವಾಚಕರು ಬೆರಗುಪಡಬೇಕಾಗಿಲ್ಲ. ಬಹುಕಾಲ ಆ ನಾಡು ಯುಗೋಸ್ಲಾವಿಯದ ಒಂದು ಭಾಗವಾಗಿತ್ತು. 1956ನೆಯ ಇಸವಿಯ ಜುಲೈ ತಿಂಗಳಲ್ಲಿ ಪಂಡಿತ ನೆಹರೂ, ಈಜಿಪ್ತಿನ ನಾಸರ್ ಮತ್ತು ಮಾರ್ಷಲ್ ಟಿಟೊ ಇವರು ಬ್ರಿಯೋನಿ ದ್ವೀಪದಲ್ಲಿ ಕೂಡಿ ಮಾತುಕತೆ ನಡೆಸಿದ ಸುದ್ದಿಯನ್ನು ನಮ್ಮ ಹಿರಿಯರು ಪತ್ರಿಕೆಗಳಲ್ಲಿ ಓದಿದ್ದರು. ಆ ಯುಗೋಸ್ಲಾವಿಯ ಇಂದು ಭೂಪಟದಲ್ಲಿ ಇಲ್ಲ. 1991ರ ಜೂನ್ 25ರಂದು ಸ್ಲೊವೇನಿಯವು ಸ್ವತಂತ್ರವೆಂದು ಸಾರಿಕೊಂಡಿತು. 2004ರಲ್ಲಿ ಯುರೋಪಿಯನ್ ಒಕ್ಕೂಟವನ್ನು ಸೇರಿತು. ರಾಜಕೀಯ ವಿಚಾರಕ್ಕೆ ಇಷ್ಟು ಸಾಕು. ಕಡಲ ತೀರದಿಂದ ನಮ್ಮ ಯಾತ್ರೆಯನ್ನು ಆರಂಭಿಸೋಣ.

ಆ ದೇಶಕ್ಕೆ ದಕ್ಕಿರುವ ಕಡಲ ತೀರವು ಕೇವಲ 47 ಕಿಲೋಮೀಟರಿನಷ್ಟು ಮಾತ್ರ. ಅಷ್ಟರಲ್ಲಿಯೇ ಒಂದು ಬಂದರು, ಬೆಸ್ತರ ಊರುಗಳು, ವಿಹಾರಧಾಮಗಳು ಎಲ್ಲವೂ ಅಡಗಿವೆ. ಇವುಗಳಲ್ಲಿ ರತ್ನಪ್ರಾಯವಾದುದು ಪಿರಾನ್ ಪಟ್ಟಣ. ಸಮುದ್ರದೊಳಕ್ಕೆ ಬೆರಳಿನಂತೆ ಚಾಚಿದ ಭೂಶಿರದ ಮೇಲೆ ಕೆಂಪು ಹೆಂಚಿನ ಮನೆಗಳು ಒಂದನ್ನೊಂದು ಒತ್ತಿಕೊಂಡು ನಿಂತಿವೆ. 1283ರಿಂದ 1797ರವರೆಗೆ ಐದು ಶತಮಾನಗಳ ಕಾಲ ವೆನಿಸ್ ಗಣರಾಜ್ಯದ ಆಳ್ವಿಕೆಯಲ್ಲಿದ್ದುದರಿಂದ, ಗುಡ್ಡದ ಮೇಲಿನ ಸಂತ ಜಾರ್ಜರ ದೇವಾಲಯದ ಗಂಟೆಗೋಪುರವು ವೆನಿಸಿನ ಗೋಪುರದ ತಮ್ಮನಂತೆ ಕಾಣುತ್ತದೆ. ಊರಿನ ನಡುವಣ ಚೌಕವು ಒಂದು ಕಾಲಕ್ಕೆ ದೋಣಿಗಳು ತಂಗುತ್ತಿದ್ದ ಒಳಬಂದರಾಗಿತ್ತು. 1894ರಲ್ಲಿ ಅದನ್ನು ಮುಚ್ಚಿ ಸಮತಟ್ಟು ಮಾಡಿದರು. ಅಲ್ಲಿ ಪಿಟೀಲು ಹಿಡಿದ ಒಂದು ಪ್ರತಿಮೆಯಿದೆ. 1692ರಲ್ಲಿ ಈ ಊರಿನಲ್ಲಿ ಜನಿಸಿದ ಪ್ರಸಿದ್ಧ ಪಿಟೀಲು ವಿದ್ವಾಂಸ ಜುಸೆಪ್ಪೆ ತಾರ್ತಿನಿಯದು ಅದು.

ಪಿರಾನಿಗೆ ಅನತಿದೂರದಲ್ಲಿ ಸೆಚೋವ್ಲ್ಯೆಯ ಉಪ್ಪಿನ ಗದ್ದೆಗಳಿವೆ. ಗೋಕರ್ಣದ ಬಳಿಯ ಸಾಣಿಕಟ್ಟೆಯ ಆಗರಗಳನ್ನು ಕಂಡವರು ಈ ನೋಟವನ್ನು ಸುಲಭವಾಗಿ ಊಹಿಸಿಕೊಳ್ಳಬಲ್ಲರು. ಭರತದ ನೀರನ್ನು ಒಂದು ಮಡಿಯಿಂದ ಇನ್ನೊಂದು ಮಡಿಗೆ ಹರಿಸುತ್ತ, ಬಿಸಿಲಿಗೂ ಗಾಳಿಗೂ ಒಡ್ಡಿ, ಕೊನೆಯ ಮಡಿಯಲ್ಲಿ ಹರಳುಗಟ್ಟಿದ ಉಪ್ಪನ್ನು ಮರದ ಗೋರುಮಣೆಯಿಂದ ಗೋರಿ ರಾಶಿ ಮಾಡುವರು. ಆದರೆ ಅಲ್ಲಿನವರದು ಒಂದು ವಿಶೇಷ ಉಪಾಯ. ಕೊನೆಯ ಮಡಿಯ ತಳದಲ್ಲಿ ಪಾಚಿ, ಸೂಕ್ಷ್ಮಜೀವಿಗಳು ಮತ್ತು ಖನಿಜಗಳು ಸೇರಿದ ತೆಳುವಾದ ಚರ್ಮದಂತಹ ಪದರವನ್ನು ಬೆಳೆಸುತ್ತಾರೆ. ಇದಕ್ಕೆ ಪೆಟೋಲ ಎಂದು ಹೆಸರು. ಈ ಪದರವು ಉಪ್ಪಿಗೂ ಕೆಸರಿಗೂ ನಡುವೆ ಹಚ್ಚಡದಂತೆ ಹಾಸಿಕೊಂಡಿರುವುದರಿಂದ ಉಪ್ಪು ಹಾಲಿನಂತೆ ಬೆಳ್ಳಗೆ ಬರುತ್ತದೆ. ಹದಿನಾಲ್ಕನೆಯ ಶತಮಾನದಲ್ಲಿ ಪಾಗ್ ದ್ವೀಪದವರಿಂದ ಕಲಿತ ವಿದ್ಯೆಯನ್ನು ಇಂದಿಗೂ ಬಿಟ್ಟಿಲ್ಲ. ಹಿಂದೆ ವಸಂತದಲ್ಲಿ ಸಂತ ಜಾರ್ಜರ ಹಬ್ಬ ಬಂದೊಡನೆ ಪಿರಾನಿನ ಸಂಸಾರಗಳು ಮಕ್ಕಳುಮರಿ, ಪಾತ್ರೆಪಡಗ ಸಮೇತ ಗದ್ದೆಯ ನಡುವಣ ಕಲ್ಲುಮನೆಗಳಿಗೆ ವಲಸೆ ಹೋಗಿ, ಬೇಸಗೆ ಮುಗಿಯುವವರೆಗೂ ಅಲ್ಲಿಯೇ ಇರುತ್ತಿದ್ದವು. ಕೆಳಗಿನ ಅಂತಸ್ತಿನಲ್ಲಿ ಉಪ್ಪಿನ ದಾಸ್ತಾನು, ಮೇಲೆ ವಾಸ. ಮಳೆ ಬಂದರೆ ದುಡಿಮೆಯೆಲ್ಲ ನೀರುಪಾಲು. ಇಂದು ಆ ಮನೆಗಳಲ್ಲಿ ಬಹುಪಾಲು ಪಾಳುಬಿದ್ದಿವೆ. ಕೆಲವನ್ನು ದುರಸ್ತಿ ಮಾಡಿ ವಸ್ತುಸಂಗ್ರಹಾಲಯವಾಗಿ ಇಟ್ಟಿದ್ದಾರೆ. ಕೊಕ್ಕರೆಗಳು ಮಾತ್ರ ಹಿಂದಿನಂತೆಯೇ ಗದ್ದೆಯಲ್ಲಿ ತಪಸ್ಸು ಮಾಡುತ್ತಿವೆ.

ಕಡಲನ್ನು ಬಿಟ್ಟು ಮೇಲೇರಿದೊಡನೆ ಸುಣ್ಣಕಲ್ಲಿನ ಪ್ರಸ್ಥಭೂಮಿಯು ಎದುರಾಗುತ್ತದೆ. ಇದಕ್ಕೆ ಕ್ರಾಸ್ ಎಂದು ಹೆಸರು. ಭೂಗರ್ಭಶಾಸ್ತ್ರಜ್ಞರು ನೀರು ಕೊರೆದ ಸುಣ್ಣಕಲ್ಲಿನ ನೆಲವನ್ನು ಜಗತ್ತಿನಲ್ಲೆಲ್ಲ ಕಾರ್ಸ್ಟ್ ಎಂದು ಕರೆಯುವುದು ಈ ಊರಿನ ಹೆಸರಿನಿಂದಲೇ. ಇಲ್ಲಿ ನದಿಗಳು ನೆಲದ ಮೇಲೆ ಹರಿಯಲು ನಾಚುತ್ತವೆ. ಷ್ಕೋತ್ಸಿಯಾನ್ ಎಂಬಲ್ಲಿ ರೇಕಾ ಎಂಬ ನದಿಯು (ಸ್ಲೊವೇನಿ ಭಾಷೆಯಲ್ಲಿ ರೇಕಾ ಎಂದರೆ ನದಿ ಎಂದೇ ಅರ್ಥ, ಹೆಸರಿಡುವ ಶ್ರಮವನ್ನೂ ಅವರು ತೆಗೆದುಕೊಳ್ಳಲಿಲ್ಲ) ಬಂಡೆಯ ಬಾಯಿಯಲ್ಲಿ ಧುಮುಕಿ ಮರೆಯಾಗಿ, ಮೂವತ್ತಕ್ಕೂ ಹೆಚ್ಚು ಕಿಲೋಮೀಟರು ಭೂಮಿಯ ಒಡಲಿನಲ್ಲಿ ಹರಿದು, ಇಟಲಿಯ ಕಡಲತೀರದ ಬಳಿ ಮತ್ತೆ ಬೆಳಕು ಕಾಣುತ್ತದೆ. ಆ ಗುಹೆಯೊಳಗಿನ ಪ್ರಪಾತದ ಮೇಲೆ ಕಿರಿದಾದ ಸೇತುವೆಯೊಂದನ್ನು ಕಟ್ಟಿದ್ದಾರೆ. ಅದರ ಮೇಲೆ ನಿಂತು ಕೆಳಗೆ ನೋಡಿದರೆ ಸುಮಾರು 45 ಮೀಟರು ಆಳದಲ್ಲಿ ನೀರಿನ ಗರ್ಜನೆ. 1986ರಲ್ಲಿ ಯುನೆಸ್ಕೊ ಸಂಸ್ಥೆಯು ಇದನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು.

ಜನಸಂದಣಿಯನ್ನು ಬಯಸುವವರಿಗೆ ಪೋಸ್ಟೊಯ್ನಾ ಗುಹೆಯುಂಟು. 1819ರಿಂದ ಯಾತ್ರಿಕರು ಅಲ್ಲಿಗೆ ಹೋಗುತ್ತಿದ್ದಾರೆ. 1872ರಲ್ಲಿ ಗುಹೆಯೊಳಕ್ಕೆ ಹಳಿ ಹಾಕಿ ರೈಲುಗಾಡಿಯನ್ನು ಇಟ್ಟರು. ಎಂಜಿನ್ ಎಲ್ಲಿಯದು? ಶ್ರೀಮಂತ ಯಾತ್ರಿಕರನ್ನು ಕೂರಿಸಿಕೊಂಡ ಆ ಗಾಡಿಯನ್ನು ಮಾರ್ಗದರ್ಶಕರೇ ಕೈಯಿಂದ ತಳ್ಳುತ್ತಿದ್ದರು! ಇಂದು ಎಂಜಿನ್ ಗಾಡಿಯು ಸದ್ದು ಮಾಡುತ್ತ ಒಳಕ್ಕೆ ಒಯ್ಯುತ್ತದೆ. ಅಲ್ಲಿನ ಕತ್ತಲೆಯ ನೀರಿನಲ್ಲಿ ಪ್ರೋಟಿಯಸ್ ಎಂಬ ಕುರುಡು ಜೀವಿಯೊಂದು ವಾಸಿಸುತ್ತದೆ. ಮನುಷ್ಯನ ಮೈಬಣ್ಣ, ಹಾವಿನಂತಹ ದೇಹ, ನಾಲ್ಕು ಪುಟ್ಟ ಕಾಲು. ವರ್ಷಗಟ್ಟಲೆ ಆಹಾರವಿಲ್ಲದೆ ಬದುಕಬಲ್ಲುದು. ಮಳೆಗಾಲದ ಪ್ರವಾಹದಲ್ಲಿ ಇವು ಹೊರಗೆ ಕೊಚ್ಚಿಕೊಂಡು ಬಂದಾಗ, ಹಳ್ಳಿಗರು ಇವನ್ನು ಭೂಮಿಯೊಳಗಿನ ಮಹಾಸರ್ಪದ ಮರಿಗಳೆಂದು ನಂಬುತ್ತಿದ್ದರೆಂದು 1689ರಲ್ಲಿ ವಾಲ್ವಸೋರ್ ಎಂಬ ಪಂಡಿತನು ಬರೆದಿಟ್ಟಿದ್ದಾನೆ. 2016ರಲ್ಲಿ ಇವುಗಳ ಮೊಟ್ಟೆಯೊಡೆದು ಮರಿಗಳು ಹೊರಬಂದಾಗ ಅದು ದೇಶವಿದೇಶಗಳ ಪತ್ರಿಕೆಗಳಿಗೆ ಸುದ್ದಿಯಾಯಿತು.

ಪ್ರಸ್ಥಭೂಮಿಯನ್ನು ದಾಟಿದರೆ ವಿಪಾವಾ ಕಣಿವೆ. ದ್ರಾಕ್ಷಿ, ಪೀಚ್, ಚೆರ್ರಿ ಬೆಳೆಯುವ ಫಲವತ್ತಾದ ನೆಲ. ಚಳಿಗಾಲದಲ್ಲಿ ಬೀಸುವ ಬೂರ್ಯಾ ಎಂಬ ಗಾಳಿಯು ಮಾತ್ರ ಅಲ್ಲಿನ ಶತ್ರು. ಅದರ ರಭಸಕ್ಕೆ ಹೆಂಚುಗಳು ಹಾರಿಹೋಗದಿರಲೆಂದು ಮಾಡಿನ ಮೇಲೆ ಕಲ್ಲುಗಳನ್ನು ಹೇರಿರುತ್ತಾರೆ. ಪ್ರವಾಸಿಗರ ಕೈಪಿಡಿಗಳು ಇಲ್ಲಿನ ದ್ರಾಕ್ಷಾರಸವನ್ನು ಹೊಗಳಿ ಮುಂದಕ್ಕೆ ಹೋಗುತ್ತವೆ. ನಾವು ಇಲ್ಲಿ ಸ್ವಲ್ಪ ಹೊತ್ತು ನಿಲ್ಲಬೇಕು.

1869ರಲ್ಲಿ ಸೂಯೆಜ್ ಕಾಲುವೆಯು ತೆರೆಯಿತು. ಈಜಿಪ್ತಿನ ಅಲೆಕ್ಸಾಂಡ್ರಿಯ, ಕೈರೋ ನಗರಗಳಲ್ಲಿ ಹಣದ ಹೊಳೆ ಹರಿಯಿತು. ಅಲ್ಲಿನ ವರ್ತಕರ, ಅಧಿಕಾರಿಗಳ ಮನೆಗಳಲ್ಲಿ ಅಡಿಗೆಗೆ, ಮನೆಗೆಲಸಕ್ಕೆ, ಮಕ್ಕಳನ್ನು ನೋಡಿಕೊಳ್ಳುವುದಕ್ಕೆ, ಮುಖ್ಯವಾಗಿ ಹಸುಗೂಸುಗಳಿಗೆ ಎದೆಹಾಲೂಡುವುದಕ್ಕೆ ಹೆಂಗಸರು ಬೇಕಾದರು. ಪ್ರ್ವಾಚಿನಾ, ಬಿಲ್ಯೆ, ಮಿರೆನ್ ಮೊದಲಾದ ಈ ಕಣಿವೆಯ ಮತ್ತು ಆಸುಪಾಸಿನ ಹಳ್ಳಿಗಳ ಹೆಂಗಸರು ತ್ರಿಯೆಸ್ತ್ ಬಂದರಿನಿಂದ ಹಡಗು ಹತ್ತಿದರು. ಇವರನ್ನು ಅಲೆಕ್ಸಾಂಡ್ರಿಂಕೆ, ಅಂದರೆ ಅಲೆಕ್ಸಾಂಡ್ರಿಯದ ಹೆಂಗಸರು, ಎಂದು ಆ ನಾಡು ಕರೆಯಿತು. ಸಾಲದ ಮನೆ, ಅಡವಿಟ್ಟ ಹೊಲ, ಕೆಲಸವಿಲ್ಲದ ಗಂಡ. ಕಾರಣಗಳನ್ನು ನಮ್ಮ ವಾಚಕರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಮೊದಲನೆಯ ಮಹಾಯುದ್ಧದಲ್ಲಿ ಊರುಗಳೇ ನೆಲಸಮವಾದ ಬಳಿಕ, ಆ ಪ್ರಾಂತವು ಇಟಲಿಯ ಆಡಳಿತಕ್ಕೆ ಸೇರಿದಾಗ, ಹೀಗೆ ಹೋಗುವವರ ಸಂಖ್ಯೆಯು ಮತ್ತಷ್ಟು ಹೆಚ್ಚಿತು.

ನಮ್ಮ ಊರುಗಳಿಂದ ಗಂಡಸರು ಹೊರಟರು. ಹೆಂಗಸರು ಮನೆಯಲ್ಲಿ ಉಳಿದು ಮನಿಯಾರ್ಡರಿನ ಹಾದಿ ಕಾದರು. ವಿಪಾವಾ ಕಣಿವೆಯಲ್ಲಿ ಇದು ತಿರುಗುಮುರುಗಾಯಿತು. ಹಾಲೂಡುವ ಕೆಲಸಕ್ಕೆ ಹೋಗಬೇಕಾದರೆ ಎದೆಯಲ್ಲಿ ಹಾಲಿರಬೇಕು. ಹಾಲಿರಬೇಕಾದರೆ ಆಗತಾನೆ ಹೆತ್ತಿರಬೇಕು. ಆದುದರಿಂದ ತಮ್ಮ ಎಳೆಗೂಸನ್ನು ಅಜ್ಜಿಯ ಮಡಿಲಿಗೋ ನೆರೆಮನೆಯವಳ ಕೈಗೋ ಒಪ್ಪಿಸಿ, ಆ ಕೂಸಿನ ಪಾಲಿನ ಹಾಲನ್ನು ಹೊತ್ತುಕೊಂಡು ಸಮುದ್ರ ದಾಟಿದವರು ಅವರಲ್ಲಿ ಹಲವರು. ಒಂದೆರಡು ವರ್ಷವೆಂದು ಹೋದವರು ಹತ್ತು, ಇಪ್ಪತ್ತು ವರ್ಷ ಉಳಿದದ್ದುಂಟು. ಮರಳಿ ಬಂದಾಗ ಸ್ವಂತ ಮಗುವೇ ಗುರುತು ಹಿಡಿಯದೆ ಅಜ್ಜಿಯ ಸೆರಗಿನ ಹಿಂದೆ ಅವಿತುಕೊಂಡ ಪ್ರಸಂಗಗಳನ್ನು ಆ ಹಳ್ಳಿಗಳಲ್ಲಿ ಇಂದಿಗೂ ಹೇಳುತ್ತಾರೆ. ಅವರು ಕಳುಹಿಸಿದ ಹಣದಿಂದ ಸಾಲ ತೀರಿತು, ಹೊಲ ಉಳಿಯಿತು, ಹೆಂಚಿನ ಮನೆ ಎದ್ದಿತು. ಆದರೆ ಊರಿನ ಬಾಯಿ ಸುಮ್ಮನಿರಲಿಲ್ಲ. ಪರದೇಶದಲ್ಲಿದ್ದು ಬಂದ ಹೆಂಗಸೆಂದು ಕಟಕಿಯಾಡಿದವರು ಅನೇಕರು; ಅವಳ ಹಣದ ಮನೆಯಲ್ಲಿ ಮಲಗಿದವರೂ ಅವರಲ್ಲಿದ್ದರು. ಬಹುಕಾಲದವರೆಗೆ ಆ ಕುಟುಂಬಗಳು ಈ ಮಾತನ್ನು ಎತ್ತಲೇ ಹಿಂಜರಿಯುತ್ತಿದ್ದವು. 1956ರ ಸೂಯೆಜ್ ಬಿಕ್ಕಟ್ಟಿನ ಬಳಿಕ ವಿದೇಶೀ ಶ್ರೀಮಂತರು ಈಜಿಪ್ತನ್ನು ಬಿಟ್ಟುದರಿಂದ ಈ ವಲಸೆಯೂ ನಿಂತುಹೋಯಿತು.

ಒಂದು ಸೋಜಿಗವನ್ನು ಮಾತ್ರ ಹೇಳಿ ಮುಂದಕ್ಕೆ ಹೋಗುವೆನು. 1992ರ ಮೇ 22ರಂದು ಸ್ಲೊವೇನಿಯವು ವಿಶ್ವಸಂಸ್ಥೆಯ ಸದಸ್ಯರಾಷ್ಟ್ರವಾಯಿತು. ಆಗ ಆ ಸಂಸ್ಥೆಯ ಮಹಾ ಕಾರ್ಯದರ್ಶಿಯಾಗಿದ್ದವರು ಈಜಿಪ್ತಿನ ಬುತ್ರೋಸ್ ಬುತ್ರೋಸ್ ಘಾಲಿ. ಅವರನ್ನು ಬಾಲ್ಯದಲ್ಲಿ ಎತ್ತಿ ಆಡಿಸಿ ಬೆಳೆಸಿದವಳು ಇದೇ ಪ್ರಾಂತದ ಒಬ್ಬ ದಾದಿ.

ಕಣಿವೆಯಿಂದ ಉತ್ತರಕ್ಕೆ ತಿರುಗಿದರೆ ಸೋಚಾ ನದಿಯು ಜೊತೆಗೂಡುತ್ತದೆ. 138 ಕಿಲೋಮೀಟರು ಉದ್ದದ ಈ ನದಿಯ ನೀರು ಪಚ್ಚೆಯ ಬಣ್ಣದ್ದು. ಚಿತ್ರದಲ್ಲಿ ಕಂಡವರು ಯಾರೋ ಬಣ್ಣ ಬಳಿದಿದ್ದಾರೆಂದು ಸಂಶಯಪಡುವಷ್ಟು ಹಸಿರು. ಸೊಲ್ಕಾನ್ ಎಂಬಲ್ಲಿ ಇದರ ಮೇಲೆ ರೈಲುಹಾದಿಯ ಕಲ್ಲಿನ ಸೇತುವೆಯೊಂದು ಒಂದೇ ನೆಗೆತಕ್ಕೆ ದಾಟುತ್ತದೆ. ಅದರ ಮುಖ್ಯ ಕಮಾನಿನ ಅಗಲವು 85 ಮೀಟರು. ಕಲ್ಲಿನಿಂದ ಕಟ್ಟಿದ ರೈಲುಸೇತುವೆಗಳಲ್ಲಿ ಇಷ್ಟು ದೊಡ್ಡ ಕಮಾನು ಜಗತ್ತಿನಲ್ಲಿ ಬೇರೆಲ್ಲಿಯೂ ಇಲ್ಲ. 1906ರಲ್ಲಿ ಗಾಡಿಗಳು ಓಡಲಾರಂಭಿಸಿದವು. ಹತ್ತೇ ವರ್ಷಗಳಲ್ಲಿ, 1916ರ ಆಗಸ್ಟಿನಲ್ಲಿ, ಹಿಂದೆ ಸರಿಯುತ್ತಿದ್ದ ಆಸ್ಟ್ರಿಯದ ಸೈನ್ಯವು ಅದನ್ನು ಸಿಡಿಸಿತು. ಮರಳಿ ಕಲ್ಲಿನಲ್ಲಿಯೇ ಕಟ್ಟಿದ್ದು 1927ರಲ್ಲಿ. 1915ರಿಂದ 1917ರವರೆಗೆ ಈ ನದಿಯ ದಂಡೆಯಲ್ಲಿ ಇಟಲಿಗೂ ಆಸ್ಟ್ರಿಯ-ಹಂಗೆರಿಗೂ ಹನ್ನೆರಡು ಕದನಗಳಾದವು. ಲಕ್ಷಗಟ್ಟಲೆ ಯುವಕರು ಸತ್ತರು, ಗಾಯಗೊಂಡರು. ಇಂದು ಕೊಬಾರಿದ್ ಎಂಬ ಊರಿನಲ್ಲಿರುವ ಯುದ್ಧದ ವಸ್ತುಸಂಗ್ರಹಾಲಯವನ್ನು ನೋಡದೆ ಯಾರೂ ಮುಂದಕ್ಕೆ ಹೋಗಬಾರದು. ತೆಪ್ಪದಾಟಕ್ಕೆಂದು ಬರುವ ತರುಣರು ಬಹುಪಾಲು ನೋಡದೆಯೇ ಹೋಗುತ್ತಾರೆ.

ನದಿಯ ಉಗಮವಾದ ತ್ರೆಂತಾ ಕಣಿವೆಯಿಂದ ವ್ರ್ಷಿಚ್ ಘಾಟಿಯನ್ನು ಏರಬೇಕು. 1,611 ಮೀಟರು ಎತ್ತರ. ಎರಡೂ ಕಡೆ ಸೇರಿ ಐವತ್ತು ತಿರುವುಗಳು, ಪ್ರತಿಯೊಂದಕ್ಕೂ ಸಂಖ್ಯೆ ಬರೆದ ಫಲಕ. ಆಗುಂಬೆಯ ಹದಿನಾಲ್ಕು ತಿರುವುಗಳಿಗೇ ಕಣ್ಣು ಮುಚ್ಚಿ ಕುಳಿತುಕೊಳ್ಳುವವರು ಇಲ್ಲಿಗೆ ಹೋಗದಿರುವುದು ಒಳಿತು. ಈ ರಸ್ತೆಯನ್ನು ಕಡಿದವರು ಪ್ರವಾಸಿಗರಿಗಾಗಿ ಕಡಿಯಲಿಲ್ಲ. ಸೋಚಾ ರಣರಂಗಕ್ಕೆ ಸರಕು ಸಾಗಿಸಲೆಂದು ಆಸ್ಟ್ರಿಯದ ಸೈನ್ಯವು ರಷ್ಯದ ಯುದ್ಧಕೈದಿಗಳಿಂದ ಇದನ್ನು ಮಾಡಿಸಿತು. 1916ರ ಮಾರ್ಚ್ 8ರಂದು ಹಿಮದ ರಾಶಿಯು ಜಾರಿ ಬಿದ್ದು ನೂರಕ್ಕೂ ಹೆಚ್ಚು ಕೈದಿಗಳು ಅದರಡಿಯಲ್ಲಿ ಹೂತುಹೋದರು. ಉಳಿದ ಸಂಗಾತಿಗಳು ಅಲ್ಲಿಯೇ ದಾರಿಯ ಪಕ್ಕದಲ್ಲಿ, ತಮ್ಮ ದೇಶದ ಪದ್ಧತಿಯಂತೆ, ಎರಡು ಪುಟ್ಟ ಗೋಪುರಗಳುಳ್ಳ ಮರದ ಪ್ರಾರ್ಥನಾ ಮಂದಿರವೊಂದನ್ನು ಕಟ್ಟಿದರು. ದೇವದಾರುಗಳ ನಡುವೆ ಅದು ಇಂದಿಗೂ ನಿಂತಿದೆ. ವರ್ಷಕ್ಕೊಮ್ಮೆ ಅವರ ನೆನಪಿನಲ್ಲಿ ಪ್ರಾರ್ಥನೆ ನಡೆಯುತ್ತದೆ.

ಇಲ್ಲಿಂದ ಮುಂದೆ ಎತ್ತ ನೋಡಿದರೂ ತ್ರಿಗ್ಲಾವ್ ಪರ್ವತದ ರಾಜ್ಯ. ತ್ರಿಗ್ಲಾವ್ ಎಂದರೆ ಮೂರು ತಲೆಯದು. ಸಂಸ್ಕೃತ ಬಲ್ಲವರಿಗೆ ಆ ‘ತ್ರಿ’ಯ ಅರ್ಥವನ್ನು ಹೇಳಬೇಕಾಗಿಲ್ಲ. 2,864 ಮೀಟರು ಎತ್ತರದ ಈ ಶಿಖರವೇ ಆ ದೇಶದ ಧ್ವಜದ ಮೇಲಿರುವುದು. 1778ರಲ್ಲಿ ಮೊಟ್ಟಮೊದಲು ಇದನ್ನು ಏರಿದವರು ಬೋಹಿನ್ಯ ಪ್ರಾಂತದ ನಾಲ್ವರು ಸಾಮಾನ್ಯರು; ಯುರೋಪಿನ ಹೆಸರಾಂತ ಮೋಂ ಬ್ಲಾಂ ಶಿಖರವನ್ನು ಮನುಷ್ಯನು ಏರಿದ್ದು ಇದಾದ ಎಂಟು ವರ್ಷಗಳ ಅನಂತರ. 1895ರಲ್ಲಿ ಯಾಕೋಬ್ ಆಲ್ಯಾಜ್ ಎಂಬ ಹಳ್ಳಿಯ ಪಾದ್ರಿಯೊಬ್ಬನು, ಪರಭಾಷೆಯ ಸಂಘದವರು ತಮ್ಮ ಬೆಟ್ಟಗಳಲ್ಲೆಲ್ಲ ತಮ್ಮ ಹೆಸರಿನ ಫಲಕಗಳನ್ನು ನೆಡುತ್ತಿರುವುದನ್ನು ಕಂಡು ನೊಂದು, ಶಿಖರದ ತುದಿಯ ತುಂಡುನೆಲವನ್ನು ಒಂದು ಗುಲ್ಡನ್ ನಾಣ್ಯ ಕೊಟ್ಟು ಕೊಂಡುಕೊಂಡನು. ಅದರ ಮೇಲೆ ತಗಡಿನ ಪುಟ್ಟ ಗೋಪುರವೊಂದನ್ನು ನಿಲ್ಲಿಸಿದನು. ಗಾಳಿ ಸಿಡಿಲುಗಳನ್ನು ತಿಂದು ಅದು ಅಲ್ಲಿಯೇ ಇದೆ. ಮೊದಲ ಸಲ ಶಿಖರ ಮುಟ್ಟಿದವನಿಗೆ ಸಂಗಡಿಗರು ಹಗ್ಗದಿಂದ ಬೆನ್ನ ಕೆಳಗೆ ನಾಲ್ಕು ಏಟು ಬಿಗಿದು ದೀಕ್ಷೆ ಕೊಡುವ ಸಂಪ್ರದಾಯವಿದೆ. ಏಟು ತಿಂದವರು ನಗುತ್ತಲೇ ಕೆಳಗಿಳಿಯುತ್ತಾರೆ.

ಪರ್ವತದ ಬುಡದಲ್ಲಿ ಎರಡು ಸರೋವರಗಳು. ಬೋಹಿನ್ಯ ಸರೋವರವು ದೊಡ್ಡದು, ಮೌನವಾದುದು. ಅದರ ಹಿಂದೆಯೇ 78 ಮೀಟರು ಎತ್ತರದಿಂದ ಧುಮುಕುವ ಸಾವಿತ್ಸಾ ಜಲಪಾತ. ಬ್ಲೆಡ್ ಸರೋವರವು ಚಿಕ್ಕದು, ಆದರೆ ಲೋಕಪ್ರಸಿದ್ಧವಾದುದು. ಸುಮಾರು ಎರಡು ಕಿಲೋಮೀಟರು ಉದ್ದದ ನೀರಿನ ನಡುವೆ ಒಂದು ದ್ವೀಪ, ದ್ವೀಪದ ಮೇಲೊಂದು ದೇವಾಲಯ, ದಡದ ಕಡಿದಾದ ಬಂಡೆಯ ಮೇಲೊಂದು ಕೋಟೆ. ದ್ವೀಪಕ್ಕೆ ಪ್ಲೆಟ್ನಾ ಎಂಬ ಚಪ್ಪಟೆ ತಳದ ದೋಣಿಯಲ್ಲಿ ಹೋಗಬೇಕು. ಅಂಬಿಗನು ಹಿಂಬದಿಯಲ್ಲಿ ನಿಂತು ಎರಡು ಹುಟ್ಟುಗಳನ್ನು ಹಾಕುತ್ತಾನೆ. ಅಪ್ಪನಿಂದ ಮಗನಿಗೆ ಬಂದ ವೃತ್ತಿ. ದೋಣಿಯಿಂದಿಳಿದರೆ 99 ಮೆಟ್ಟಿಲು. ಅಲ್ಲಿ ಮದುವೆಯಾಗುವ ವರನು ವಧುವನ್ನು ಎತ್ತಿಕೊಂಡು ಆ 99 ಮೆಟ್ಟಿಲುಗಳನ್ನೂ ಏರಬೇಕೆಂದು ರೂಢಿ. ಈ ಲೇಖಕನ ಮನಸ್ಸು ಬ್ಲೆಡ್ಡಿಗಿಂತ ಬೋಹಿನ್ಯದ ಕಡೆಗೇ ಹೆಚ್ಚು ವಾಲುತ್ತದೆ. ಆದರೆ ನಮ್ಮ ಹೋಟೆಲು ಬಂಧುಗಳು ಬ್ಲೆಡ್ಡಿಗೆ ಹೋಗಬೇಕಾದುದಕ್ಕೆ ಬೇರೊಂದು ಕಾರಣವುಂಟು.

ಸರೋವರದ ದಡದಲ್ಲಿ ಪಾರ್ಕ್ ಹೋಟೆಲು ಇದೆ. ವೋಯ್ವೋದಿನಾ ಎಂಬ ದೂರದ ಬಯಲುಸೀಮೆಯಿಂದ ದುಡಿಮೆಗೆ ಬಂದ ಇಷ್ಟ್ವಾನ್ ಲುಕಾಚೆವಿಚ್ ಎಂಬವರು ಅಲ್ಲಿನ ಮಿಠಾಯಿ ವಿಭಾಗದ ಮುಖ್ಯಸ್ಥರಾಗಿದ್ದರು. 1953ರಲ್ಲಿ ಅವರು ಒಂದು ತಿಂಡಿಯನ್ನು ಹದಕ್ಕೆ ತಂದರು. ಕೆಳಗೊಂದು, ಮೇಲೊಂದು ಗರಿಗರಿಯಾದ ಬೆಣ್ಣೆ ಹಿಟ್ಟಿನ ಪದರ; ನಡುವೆ ವೆನಿಲಾ ಹಾಕಿ ಕುದಿಸಿದ ಕೆನೆಪಾಕ, ಅದರ ಮೇಲೆ ಕಡೆದ ಹಾಲಿನ ಕೆನೆ; ಮೇಲೆ ಸಕ್ಕರೆಯ ಪುಡಿ. ಏಳು ಸೆಂಟಿಮೀಟರು ಉದ್ದ, ಏಳು ಸೆಂಟಿಮೀಟರು ಅಗಲದ ಚೌಕಾಕಾರದ ತುಂಡು. ತಟ್ಟೆಯನ್ನು ಅಲುಗಿಸಿದರೆ ತುಂಡು ನಡುಗಬೇಕು, ಆದರೆ ಕುಸಿಯಬಾರದು. ಇದೇ ಕ್ರೆಮ್ಷ್ನಿಟಾ. ಅಂದಿನಿಂದ ಇಂದಿನವರೆಗೆ ಆ ಒಂದು ಹೋಟೆಲಿನಲ್ಲಿಯೇ ಒಂದು ಕೋಟಿಗೂ ಮೀರಿದ ತುಂಡುಗಳು ಖರ್ಚಾಗಿವೆ. ರಾಜರು ಕಟ್ಟಿದ ಕೋಟೆಯ ಹೆಸರನ್ನು ಮರೆತವರೂ ಈ ತಿಂಡಿಯ ಹೆಸರನ್ನು ಕೇಳಿಕೊಂಡು ಬರುತ್ತಾರೆ. ನಮ್ಮ ಊರಿನ ದೋಸೆಗೂ ಹೀಗೆಯೇ ಊರೂರು ಸುತ್ತಿದ ಕೀರ್ತಿ ಇದೆಯಷ್ಟೆ. ಆದರೆ ಅದನ್ನು ಮೊದಲು ಕಾವಲಿಯ ಮೇಲೆ ಹೊಯ್ದವನ ಹೆಸರನ್ನು ನಾವು ಬರೆದಿಡಲಿಲ್ಲ.

ಹೋಗಬಯಸುವವರಿಗೆ ನಾಲ್ಕು ಮಾತು. ಜುಲೈ, ಆಗಸ್ಟ್ ತಿಂಗಳುಗಳಲ್ಲಿ ಬ್ಲೆಡ್ಡಿನಲ್ಲಿ ಕಾಲಿಡಲು ಸ್ಥಳವಿರುವುದಿಲ್ಲ. ಜೂನ್ ಇಲ್ಲವೆ ಸೆಪ್ಟೆಂಬರು ಉತ್ತಮ. ಚಳಿಗಾಲದಲ್ಲಿ ಹಿಮ ಬಿದ್ದು ವ್ರ್ಷಿಚ್ ಘಾಟಿಯು ಮುಚ್ಚಿರುತ್ತದೆ. ಷೆಂಗೆನ್ ವೀಸಾ ಬೇಕು, ನಾಣ್ಯ ಯೂರೊ. ರಾಜಧಾನಿ ಲ್ಯುಬ್ಲ್ಯಾನಾದಿಂದ ಬ್ಲೆಡ್ಡಿಗೆ ಬಸ್ಸಿನಲ್ಲಿ ಒಂದು ಗಂಟೆಯ ಆಸುಪಾಸಿನ ಹಾದಿ. ಹಿಂದಿರುಗುವಾಗ ಮಾತ್ರ ಬಸ್ಸನ್ನು ಬಿಟ್ಟು, ಸರೋವರದ ಪಶ್ಚಿಮದ ದಡದ ಮೇಲಿರುವ ಪುಟ್ಟ ನಿಲ್ದಾಣದಲ್ಲಿ ರೈಲು ಹತ್ತಬೇಕು. ಅದು 1906ರ ಹಳೆಯ ಹಾದಿ. ಬೆಟ್ಟವನ್ನು ಸುರಂಗದಲ್ಲಿ ಕೊರೆದು, ಸೋಚಾ ನದಿಯನ್ನು ಅದೇ ಸೊಲ್ಕಾನ್ ಕಮಾನಿನ ಮೇಲೆ ದಾಟಿ, ನೋವಾ ಗೋರಿತ್ಸಾ ಪಟ್ಟಣಕ್ಕೆ ಬರುತ್ತದೆ. ಅಲ್ಲಿಂದ ಅದೇ ಹಳಿಯ ಮೇಲೆ ತುಸು ಮುಂದಕ್ಕೆ ಹೋದರೆ ಪ್ರ್ವಾಚಿನಾ. ನಿಲ್ದಾಣದಲ್ಲಿ ಇಳಿದು ಊರೊಳಕ್ಕೆ ನಡೆದರೆ ಅಲೆಕ್ಸಾಂಡ್ರಿಯಕ್ಕೆ ಹೋದ ಹೆಂಗಸರ ವಸ್ತುಸಂಗ್ರಹಾಲಯವಿದೆ. ಅವರ ಪೆಟ್ಟಿಗೆಗಳು, ಉಡುಪುಗಳು, ಊರಿಗೆ ಬರೆದ ಕಾಗದಗಳು, ಪರರ ಮಕ್ಕಳನ್ನು ಮಡಿಲಲ್ಲಿ ಕೂರಿಸಿಕೊಂಡು ತೆಗೆಸಿಕೊಂಡ ಭಾವಚಿತ್ರಗಳು ಅಲ್ಲಿವೆ.